ಪಾಪಕ್ಕನ ಕುರಿಗಳ ತೇಗು

ನಾಲ್ಕು ಡಿಗ್ರಿ. 2007ರ ಬೇಸಿಗೆಯೆಲ್ಲ ನನ್ನ ತಲೆಯಲ್ಲಿ ಕೂತು ಮೇಲೇಳದೇ ಹೋದದ್ದು ಈ ಎರಡು ಪದ.

ಫೆಬ್ರವರಿ ಮೊದಲ ವಾರ ಪತ್ರಿಕೆಯಲ್ಲಿ ಬಂದಿತ್ತು. ಜಗತ್ತಿನ ನೂರಾರು ವಿಜ್ಞಾನಿಗಳು ಸೇರಿ ಬರೆದ ವರದಿಯಂತೆ. ಹೀಗೇ ಹೊಗೆ ಬಿಡುತ್ತ ಹೋದರೆ ಶತಮಾನ ಮುಗಿಯುವಷ್ಟರಲ್ಲಿ ಭೂಮಿಯ ಬಿಸಿ ನಾಲ್ಕು ಡಿಗ್ರಿಯಷ್ಟು ಏರಿದರೂ ಏರಬಹುದಂತೆ. ಮನೆಯವರೆಲ್ಲ ಆ ಪುಟ ದಾಟಿ ಶೇಂಗಾ ಧಾರಣೆ ನೋಡಿದರು. ನಾನು ಮಾತ್ರ ಅದನ್ನು ಕತ್ತರಿಸಿ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಚಳ್ಳಕೆರೆಯ ಏಪ್ರಿಲ್ ಈಗಲೇ ನಲವತ್ತು ಮುಟ್ಟುತ್ತದೆ. ಅದಕ್ಕೆ ನಾಲ್ಕು ಕೂಡಿಸಿದರೆ? ನನ್ನ ಮಗಳು ಗಂಗಾಂಬಿಕಾಗೆ ಆಗ ಹತ್ತು ತಿಂಗಳು. ಅವಳ ಕುತ್ತಿಗೆಯ ಮಡಿಕೆಯಲ್ಲಿ ಬೆವರುಸಾಲೆ ಎದ್ದಾಗಲೆಲ್ಲ, ಇವಳು ಅಜ್ಜಿಯಾಗುವ ಹೊತ್ತಿಗೆ ಮೊಮ್ಮಕ್ಕಳನ್ನು ಈ ಊರಿನಲ್ಲಿ ಎಲ್ಲಿ ಮಲಗಿಸುತ್ತಾಳೆ ಎಂಬ ಯೋಚನೆ ಹತ್ತುತ್ತಿತ್ತು.

ದಾವಣಗೆರೆಯ ತವರಿನಿಂದ ಒಂದು ಉಷ್ಣಮಾಪಕ ತರಿಸಿ ಪಡಸಾಲೆಯ ಗೋಡೆಗೆ ತೂಗುಹಾಕಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೋಡಿ ಕ್ಯಾಲೆಂಡರಿನಲ್ಲಿ ಹಾಲಿನ ಗುರುತಿನ ಪಕ್ಕ ಬರೆಯುತ್ತಿದ್ದೆ.

"ಜ್ವರ ಬಂದಿರೋದು ಗೋಡೆಗಾ, ಮಗೀಗಾ?" ಎಂದು ಕೇಳಿದರು ನನ್ನ ಗಂಡ ವೀರೇಶ್.

ಅತ್ತೆ ಕೊಟ್ರಮ್ಮನವರು ಇನ್ನೂ ಗಂಭೀರವಾಗಿ ವಿಚಾರಿಸಿದರು. "ನಾಲ್ಕು ಡಿಗ್ರಿ ಅಂದ್ರೆ ಎಷ್ಟಾಗ್ತೈತೆ ಶಿಲ್ಪಾ? ಫ್ಯಾನು ಎರಡರಾಗಿದ್ದುದ್ನ ಮೂರಕ್ಕೆ ತಿರುವಿದ್ರೆ ಹೋಗ್ತೈತಾ?"

ಇಂಥ ಮನೆಯಲ್ಲಿ ರಸಾಯನಶಾಸ್ತ್ರದ ಬಿ.ಎಸ್ಸಿ. ಓದಿದವಳು ಒಬ್ಬಳೇ ಇದ್ದರೆ ಚಿಂತೆಯನ್ನೂ ಒಬ್ಬಳೇ ಮಾಡಬೇಕಾಗುತ್ತದೆ. ನಾನು ಮಾಡುತ್ತಿದ್ದೆ. ಅಲ್ಲಿಗೇ ನಿಲ್ಲಿಸಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆ ಚಿಂತೆಯ ಹಗ್ಗವನ್ನು ಒಯ್ದು ಪಾಪಕ್ಕನ ಕುರಿಗಳ ಕುತ್ತಿಗೆಗೆ ಕಟ್ಟಿದವಳು ನಾನೇ.

ಪಾಪಕ್ಕ ಹುಟ್ಟಿದ್ದು ಮೊಳಕಾಲ್ಮೂರು ಸೀಮೆಯಲ್ಲಿ, ಆಂಧ್ರದ ಗಡಿಗೆ ಒಂದು ಕೂಗಳತೆಯ ಹಟ್ಟಿಯಲ್ಲಿ. ಮನೆಮಾತು ತೆಲುಗು. ಹದಿನಾರಕ್ಕೆ ದೊಡ್ಡೀರಪ್ಪನನ್ನು ಮದುವೆಯಾಗಿ ದೊಡ್ಡಉಳ್ಳಾರ್ತಿಗೆ ಬಂದ ಮೇಲೆ ಕನ್ನಡ ಕಲಿತಳು. ಆದರೆ ಕುರಿಗಳ ಜೊತೆ ಇವತ್ತಿಗೂ ತೆಲುಗೇ. "ರಾವೇ ನಾ ತಲ್ಲೀ", ಬಾರೇ ನನ್ನವ್ವ, ಎಂದರೆ ಕಪ್ಪು ಕಿವಿಯ ಮುದಿ ಕುರಿಯೊಂದು ಎಲ್ಲಿದ್ದರೂ ಬಂದು ಅವಳ ಸೀರೆಯ ಸೆರಗು ಮೂಸುತ್ತದೆ.

"ಮನುಷ್ಯರಿಗೆ ಕನ್ನಡದಾಗೆ ಹೇಳಿದ್ರೆ ಅರ್ಧ ತಿಳ್ಕಂತಾರೆ. ಕುರಿಗೆ ತೆಲುಗಿನಾಗೆ ಹೇಳಿದ್ರೆ ಪೂರ್ತಿ ತಿಳ್ಕಂತಾವೆ," ಎನ್ನುತ್ತಾಳೆ.

ಆ ಕಡೆ ಕುರಿ ಮಂದೆಯ ಹಿಂದೆ ಹೋಗುವುದು ಗಂಡಸರ ಕೆಲಸ. ಅದು ಪಾಪಕ್ಕನ ಕೈಗೆ ಬಂದದ್ದು, ದೊಡ್ಡೀರಪ್ಪ ಸೊಪ್ಪು ಕಡಿಯಲು ಅರಳಿಮರ ಹತ್ತಿ ಕೊಂಬೆಯ ಸಮೇತ ಕೆಳಗೆ ಬಂದ ವರ್ಷ. ತೊಡೆಯ ಮೂಳೆ ಮುರಿದು ಅವನು ಆರು ತಿಂಗಳು ಮಲಗಿದ. ಇವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಕೋಲು ಹಿಡಿದು ಕಾವಲಿನ ಹುಲ್ಲುಗಾವಲಿಗೆ ಹೊರಟಳು. ಕಾಲು ಕೂಡಿದ ಮೇಲೆ ದೊಡ್ಡೀರಪ್ಪ ಕೋಲು ವಾಪಸು ಕೇಳಿದ. ಅಷ್ಟರಲ್ಲಿ, ಕೂತಲ್ಲೇ ಕೂತು ಬೇಜಾರಾಗಿ, ಅವನು ಅಡುಗೆ ಕಲಿತುಬಿಟ್ಟಿದ್ದ.

"ಅವನು ತಿರುವಿದ ಮುದ್ದೆ ಹೊರಗೂ ನುಣ್ಣಗೆ, ಒಳಗೂ ನುಣ್ಣಗೆ. ನಂದು ಒಳಗೆಲ್ಲ ಗಂಟು. ಯಾರು ಒಲೆ ಹತ್ರ ಇರ್ಬೇಕು, ನೀವೇ ಹೇಳ್ರಿ," ಎಂದು ಪಾಪಕ್ಕ ನನ್ನನ್ನು ಕೇಳಿದ್ದಳು. ಇಪ್ಪತ್ತೆರಡು ವರ್ಷವಾಯಿತು, ಕೋಲು ಇವಳ ಕೈಯಲ್ಲೇ ಇದೆ. ಮಧ್ಯಾಹ್ನ ದೊಡ್ಡೀರಪ್ಪ ಸ್ವಲ್ಪ ಕುಂಟುತ್ತ, ಬುತ್ತಿ ಹೊತ್ತು ಕಾವಲಿಗೆ ಬರುತ್ತಾನೆ. ಯಾರಾದರೂ ಗೇಲಿ ಮಾಡಿದರೆ, "ನಿನ್ನ ಹೆಂಡ್ತಿ ಮಾಡಿದ ಸಾರು ತಗಂಬಾರಲೇ, ಇದರ ಪಕ್ಕಕ್ಕಿಟ್ಟು ನೋಡಾನ," ಎನ್ನುತ್ತಾನೆ. ಈವರೆಗೆ ಯಾರೂ ತಂದಿಲ್ಲ.

ಪಾಪಕ್ಕನ ಹೆಗಲ ಮೇಲೆ ಕಂಬಳಿ, ಕಂಬಳಿಯ ಮಡಿಕೆಯಲ್ಲಿ ಒಂದು ರೇಡಿಯೋ. ಸುದ್ದಿ, ಕೃಷಿರಂಗ, ಚಿತ್ರಗೀತೆ, ಏನು ಬಂದರೂ ಕೇಳುತ್ತಾಳೆ. ಗಂಗಾಂಬಿಕಾ ಹುಟ್ಟಿದಾಗ ನೋಡಲು ಬಂದವಳು ರೇಡಿಯೋ ಮಗುವಿನ ಕಿವಿಯ ಹತ್ತಿರ ಹಿಡಿದು, "ವಾರ್ತೆ ಕೇಳು ಮಗಳೇ," ಎಂದಿದ್ದಳು. ಮರಿಗಳ ಮೊದಲ ಕತ್ತರಿಯ ಉಣ್ಣೆಯಲ್ಲಿ ಮಗುವಿಗೊಂದು ಪುಟ್ಟ ಕಂಬಳಿ ನೇಯಿಸಿ ಕೊಡುತ್ತೇನೆಂದೂ ಹೇಳಿ ಹೋಗಿದ್ದಳು. ಈ ಸೆಕೆಯಲ್ಲಿ ಮಗುವಿಗೆ ಉಣ್ಣೆ ಎಂದು ನೆನೆದೇ ನನಗೆ ಮೈ ಬೆವರಿತ್ತು. ಬೇಡ ಎನ್ನಲು ಧೈರ್ಯವಾಗದೆ ಸುಮ್ಮನೆ ನಕ್ಕಿದ್ದೆ.

ನಮಗೂ ಪಾಪಕ್ಕನಿಗೂ ನಂಟು ಹೊಲದ್ದು. ಮಾವ ಜಂಬುಲಿಂಗಪ್ಪನವರಿಗೆ ಪಟ್ಟಣದಲ್ಲಿ ಎಣ್ಣೆಗಾಣ, ದೊಡ್ಡಉಳ್ಳಾರ್ತಿಯ ಪಕ್ಕ ಶೇಂಗಾ ಬೆಳೆಯುವ ಹೊಲ. ಯುಗಾದಿಯಾದ ಮೇಲೆ, ಬಿತ್ತನೆಗೆ ಮುಂಚೆ, ಪಾಪಕ್ಕನ ಮಂದೆ ಬಂದು ಐದು ರಾತ್ರಿ ಹೊಲದಲ್ಲಿ ತಂಗುತ್ತದೆ. ಹಿಕ್ಕೆ, ಗಂಜಲ ಎಲ್ಲ ಮಣ್ಣಿಗೆ. ಅದಕ್ಕೆ ಬದಲಾಗಿ ರಾಗಿ. "ಕುರಿ ಮಲಗಿದ ಹೊಲ ಮೂರು ವರ್ಷ ನೆನಪಿಟ್ಕಂಡಿರ್ತೈತೆ," ಎಂಬುದು ಮಾವನವರ ಮಾತು.

ಆದರೆ ಮಂದೆ ತಾನಾಗಿ ಬರುವುದಿಲ್ಲ. ಕರೆ ಹೋಗಬೇಕು. ಕುರಿಯವರು ಬಾಯಿಬಿಟ್ಟು ಕೇಳುವಂತಿಲ್ಲ, ಹೊಲದವರು ಕರೆಯಬೇಕು. ಅದರಲ್ಲೂ ಮೊದಲ ಕರೆ ನಮ್ಮ ಮನೆಯ ಹೆಂಗಸರದು. ಅತ್ತೆಯವರ ಅತ್ತೆಯ ಕಾಲದಿಂದ ಹಾಗೇ ನಡೆದು ಬಂದಿದೆ. ಮೊದಲ ಕರೆ ಹೋಯಿತೆಂದರೆ ಉಳಿದ ಹೊಲದವರು ಒಬ್ಬರ ಹಿಂದೊಬ್ಬರು ಕರೆಯುತ್ತಾರೆ. ಹಿಂದೆ ಆಳಿನ ಕೈಯಲ್ಲಿ ಎಲೆ ಅಡಿಕೆ ಕಳಿಸಿ ಊರ ಮುಂದೆ ಹೇಳಿಸುತ್ತಿದ್ದರಂತೆ. ಫೋನು ಬಂದ ಮೇಲೆ ಅತ್ತೆ ಒಂದು ಸುಲಭ ದಾರಿ ಕಂಡುಕೊಂಡರು. ಊರಿನ ಪೆದ್ದಣ್ಣನ ಚಹಾ ಅಂಗಡಿಯಲ್ಲಿ ಒಂದು ಕಾಯಿನ್ ಫೋನಿದೆ. ಪೆದ್ದಣ್ಣನಿಗೊಂದು ಅಭ್ಯಾಸ: ಆ ಕಡೆಯವರು ಹೇಳಿದ್ದನ್ನೆಲ್ಲ ಅಂಗಡಿಯಲ್ಲಿ ಕೂತವರಿಗೆ ಕೇಳುವಂತೆ ಮತ್ತೆ ಹೇಳುತ್ತಾನೆ. ಬೆಳಿಗ್ಗೆ ಏಳಕ್ಕೆ ಅವನಿಗೆ ಫೋನು ಮಾಡಿದರೆ ಡಂಗೂರ ಹೊಡೆಸಿದ ಹಾಗೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ.

ಫೆಬ್ರವರಿ ಇಪ್ಪತ್ತೆಂಟು ವಿಜ್ಞಾನ ದಿನ. ನಮ್ಮ ಹೊಲವಿರುವ ಊರಿನ ಹೈಸ್ಕೂಲಿನ ಮೇಷ್ಟ್ರು ಸೋಮಶೇಖರಪ್ಪನವರು ಮನೆಗೆ ಬಂದು, "ಭೂಮಿ ಬಿಸಿಯಾಗೋದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಮ್ಮ. ನಾನು ಹೇಳಿದ್ರೆ ನಿದ್ದೆ ಮಾಡ್ತಾರೆ," ಎಂದರು. ಒಂದು ವಾರ ತಯಾರಿ ಮಾಡಿಕೊಂಡೆ. ಇಂಗಾಲದ ಡೈ ಆಕ್ಸೈಡು, ಮೀಥೇನು, ಹಸಿರುಮನೆ, ನಾಲ್ಕು ಡಿಗ್ರಿ, ಎಲ್ಲ ಹೇಳಿದೆ. ಮೇಷ್ಟ್ರ ಮಾತು ನಿಜವಿತ್ತು; ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ತೂಕಡಿಸತೊಡಗಿತು. ಎಚ್ಚರಿಸಲು ಅವರ ಊರಿನದೇ ಒಂದು ಉದಾಹರಣೆ ಕೊಡೋಣವೆನಿಸಿತು.

"ದನ, ಕುರಿ ಮೆಲುಕು ಹಾಕುವಾಗ ತೇಗುತ್ತವಲ್ಲ, ಆ ತೇಗಿನಲ್ಲಿ ಮೀಥೇನ್ ಇರುತ್ತದೆ. ಇಂಗಾಲದ ಡೈ ಆಕ್ಸೈಡಿಗಿಂತ ಅದು ಇಪ್ಪತ್ತು ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ನಿಮ್ಮ ಪಾಪಕ್ಕನ ಮಂದೆಯನ್ನೇ ತಗೊಳ್ಳಿ. ನೂರಾ ಮೂವತ್ತು ಕುರಿ. ವರ್ಷಕ್ಕೆ ಆರುನೂರು ಕಿಲೋಗಿಂತ ಹೆಚ್ಚು ಮೀಥೇನ್."

ಹಿಂದಿನ ಬೆಂಚು ಎದ್ದು ಕೂತಿತು. ಯಾರೋ ತೇಗಿದ. ಇನ್ನೊಬ್ಬ ಅದಕ್ಕೆ ಉತ್ತರ ಕೊಟ್ಟ. ಆಮೇಲೆ ಇಡೀ ಶಾಲೆಯೇ ತೇಗಿತು. ಭಾಷಣ ಗೆದ್ದಿತೆಂದು ನಾನು ಹಿಗ್ಗಿ ಮನೆಗೆ ಬಂದೆ.

ಮಾರ್ಚಿನಲ್ಲಿ ಅತ್ತೆಯವರು ಕಣ್ಣಿನ ಪೊರೆ ತೆಗೆಸಲು ದಾವಣಗೆರೆಗೆ, ನಾದಿನಿಯ ಮನೆಗೆ ಹೊರಟರು. ಬಸ್ಸು ಹತ್ತುವಾಗ ಮೂರು ಮಾತು ಹೇಳಿದರು: ಉಪ್ಪಿನಕಾಯಿ ಜಾಡಿ ಬಿಸಿಲಿಗಿಡು, ಮಗೀಗೆ ದೃಷ್ಟಿ ತೆಗಿ, ಯುಗಾದಿ ಆದ ಮೂರನೇ ದಿನ ಪಾಪಕ್ಕನಿಗೆ ಕರೆ ಕಳಿಸು.

ಮೊದಲೆರಡು ಮಾಡಿದೆ. ಮೂರನೆಯದು ಕೈಗೆ ಹತ್ತಲಿಲ್ಲ. ಫೋನಿನ ಹತ್ತಿರ ಹೋದಾಗಲೆಲ್ಲ ಕ್ಯಾಲೆಂಡರಿನ ಹಿಂದಿನ ಕಾಗದ ಕಾಣುತ್ತಿತ್ತು. ಮಕ್ಕಳ ಮುಂದೆ ಅಷ್ಟು ಹೇಳಿ, ಈಗ ನಾನೇ ಕರೆದು ಅಷ್ಟೂ ಕುರಿಯನ್ನು ನಮ್ಮ ಹೊಲದಲ್ಲಿ ಮಲಗಿಸಿಕೊಳ್ಳುವುದೇ? ಮಗಳ ಪಾಲಿನ ಬಿಸಿಗೆ ನಾನೇ ಒಂದು ಹಿಡಿ ಸೌದೆ ಹಾಕಿದಂತಲ್ಲವೇ?

"ಅದಕ್ಯಾಕೆ ಅಷ್ಟು ತಲೆ ಕೆಡಿಸ್ಕಂತೀಯ? ಬೈಕಿಗೆ ಎರಡು ಮೂಟೆ ಯೂರಿಯಾ ಹೇರ್ಕಂಡು ಹೋಗಿ ಚೆಲ್ಸಿಬಿಡ್ತೀನಿ. ಯೂರಿಯಾ ತೇಗಲ್ಲ," ಎಂದರು ವೀರೇಶ್.

ಯುಗಾದಿ ಕಳೆದು ಒಂಬತ್ತು ದಿನವಾಯಿತು. ದಾವಣಗೆರೆಯಿಂದ ಅತ್ತೆ ಫೋನಿನಲ್ಲಿ, "ಕರೆ ಹೋತಾ?" ಎಂದು ಕೇಳಿದರು. "ಇವತ್ತು ನಾಳೆಯೊಳಗೆ ಅತ್ತೆ," ಎಂದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದರೂ ನನ್ನ ಮುಖ ಅವರಿಗೆ ಕಂಡಿರಬೇಕು. "ಹೂಂ" ಎಂದಷ್ಟೇ ಹೇಳಿ ಇಟ್ಟರು.

ಮರುದಿನ ಹೊಲ ನೋಡಿಕೊಂಡು ಬಂದ ವೀರೇಶ್ ಕಾಲು ತೊಳೆಯುತ್ತ ಸುದ್ದಿ ಹೇಳಿದರು. "ನಿನ್ನ ಭಾಷಣ ಊರಾಗೆ ಇನ್ನೂ ಓಡ್ತೈತೆ ಮಾರಾಯ್ತಿ. ಪಾಪಕ್ಕ ಎದುರಿಗೆ ಬಂದ್ರೆ ಸಾಕು ಹುಡುಗ್ರೆಲ್ಲ ತೇಗ್ತಾವೆ. ದೊಡ್ಡೋರು ಬೇರೆ, 'ಅವಳ ಕುರಿ ತೇಗಿ ಮಳೆ ಓಡಿಸ್ತಾವಂತೆ, ಅದಕ್ಕೇ ಜಂಬುಲಿಂಗಪ್ಪಾರ ಮನೆಯಿಂದ ಕರೆ ಬಂದಿಲ್ಲ' ಅಂತಿದಾರೆ. ಒಬ್ರೂ ಕರೆದಿಲ್ಲ. ಮುಂದಿನ ವಾರದ ಸಂತೆಗೆ ಅರ್ಧ ಮಂದೆ ಹೊಡ್ಕಂಡು ಹೋಗಿ ಮಾರ್ತಾಳಂತೆ."

ಮಳೆ ಓಡಿಸುತ್ತವೆ ಎಂದು ನಾನು ಹೇಳಿರಲಿಲ್ಲ. ಆದರೆ ಅದನ್ನು ಯಾರಿಗೆ ಹೇಳಲಿ? ಹೊಲದ ಕರೆಗಳಿಂದ ಬರುವ ರಾಗಿಯೇ ಪಾಪಕ್ಕನ ಮನೆಯ ಮುಂಗಾರಿನವರೆಗಿನ ಊಟ ಎಂಬುದು ನನಗೆ ಗೊತ್ತಿತ್ತು. ಕಾವಲಿನ ಹುಲ್ಲು ಒಣಗಿದ ಮೇಲೆ ಹೊಲದ ಬದುಗಳೇ ಕುರಿಗಳಿಗೂ ಆಧಾರ. ಆ ಕಪ್ಪು ಕಿವಿಯ ಮುದುಕಿಯನ್ನು ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಯಾಕಾಗಿ ಕೊಳ್ಳುತ್ತಾರೆ ಎಂಬುದೂ ಗೊತ್ತಿತ್ತು. ಆ ದಿನ ಉಷ್ಣಮಾಪಕ ನೋಡುವುದನ್ನು ಮರೆತೆ.

ಬೆಳಿಗ್ಗೆ ಮಗುವನ್ನು ಎತ್ತಿಕೊಂಡು, ಕೊಡೆ, ಮೂರು ಬಾಟಲಿ ಕುದಿಸಿ ಆರಿಸಿದ ನೀರು, ಎರಡು ಪೊಟ್ಟಣ ಓಆರ್‌ಎಸ್, ಒದ್ದೆ ಟವೆಲು ಸಮೇತ ಬಸ್ಸು ಹತ್ತಿದೆ. ಕಾವಲಿನ ಅಂಚಿನಲ್ಲಿ ಜಾಲಿಮರದ ನೆರಳಿಗೆ ಮಂದೆ ಮಲಗಿತ್ತು. ಪಾಪಕ್ಕ ನನ್ನ ಸಾಮಾನು ನೋಡಿ, "ಎಲ್ಲಿಗೆ ಪಯಣ ಶಿಲ್ಪವ್ವ, ಕಾಶಿಗಾ?" ಎಂದಳು. ಕಂಬಳಿ ಹಾಸಿ ಕೂರಿಸಿದಳು. ಮಗು ನನ್ನ ತೊಡೆಯಿಂದ ಜಾರಿ ಒಂದು ಮರಿಯ ಬಾಲ ಹಿಡಿಯಿತು. ಕೊಳೆ, ಕ್ರಿಮಿ ಎಂದೆಲ್ಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಪಾಪಕ್ಕ, ನಾನು ಶಾಲೆಯಲ್ಲಿ ನಿಮ್ಮ ಕುರಿ ತೇಗಿನ ಬಗ್ಗೆ..." ಎಂದು ಶುರು ಮಾಡಿದೆ.

"ತೇಗ್ತಾವೆ ಮತ್ತೆ. ಸುಳ್ಳಾ?" ಎಂದಳು ಅವಳು. "ಸುಮ್ಕೆ ಕುಂತು ಕೇಳ್ರಿ."

ಇಬ್ಬರೂ ಸುಮ್ಮನೆ ಕೂತೆವು. ಸುತ್ತ ಮೆಲುಕಿನ ಸದ್ದು, ಸಣ್ಣ ಮಳೆ ಒಣ ಎಲೆಯ ಮೇಲೆ ಬಿದ್ದ ಹಾಗೆ. ನಡುವೆ ನಡುವೆ ಒಂದೊಂದು ಕುರಿಯ ಗಂಟಲಲ್ಲಿ ಏನೋ ಉರುಳಿ ಮೇಲೆ ಬರುತ್ತಿತ್ತು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ನಿಮಿಷಕ್ಕೆ ಒಂದು, ಕೆಲವೊಮ್ಮೆ ಎರಡು.

"ತೇಗ್ದಿದ್ರೆ ಏನಾಗ್ತೈತೆ ಗೊತ್ತಾ? ಹಸಿ ಮೇವು ಜಾಸ್ತಿ ತಿಂದಾಗ ತೇಗು ಕಟ್ಕಂತೈತೆ. ಎಡಗಡೆ ಹೊಟ್ಟೆ ತಮಟೆ ಆಗ್ತೈತೆ. ಬಾಯಿಗೆ ಅಡ್ಡ ಕೋಲು ಕೊಟ್ಟು ಶೇಂಗಾ ಎಣ್ಣೆ ಹುಯ್ತೀವಿ, ನಿಮ್ಮ ಮಾವನ ಗಾಣದ್ದೇ. ಆಮೇಲೆ ಹೊಟ್ಟೆ ನೀವಿ, ನೀವಿ, ಯಾವಾಗ ತೇಗ್ತೈತೋ ಅಂತ ಬಾಯೇ ನೋಡ್ತಾ ಕುಂತಿರ್ತೀನಿ. ತೇಗಿತು ಅಂದ್ರೆ ಜೀವ ಬಂತು. ತೇಗದೇ ಇರೋ ಕುರಿ ಸತ್ತ ಕುರಿ ಕಣವ್ವ."

ಅಷ್ಟರಲ್ಲಿ ಮಗು ಹಸಿದು ಅತ್ತಿತು. ಸೆರಗಿನ ಮರೆಯಲ್ಲಿ ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿದೆ. ಎರಡು ನಿಮಿಷ ತಟ್ಟಿದರೂ ತೇಗು ಬರಲಿಲ್ಲ. ನನಗೆ ಗಾಬರಿ ಶುರುವಾಯಿತು. ಆಮೇಲೆ ಗಂಗಾಂಬಿಕಾ ಆಜೂಬಾಜಿನ ಕುರಿಗಳು ತಲೆಯೆತ್ತಿ ನೋಡುವಷ್ಟು ಜೋರಾಗಿ ತೇಗಿದಳು. ನಾನು ಉಸಿರುಬಿಟ್ಟೆ.

"ಇದನ್ನೂ ಲೆಕ್ಕಕ್ಕೆ ಹಿಡ್ಕಳ್ರಿ," ಎಂದಳು ಪಾಪಕ್ಕ.

ನಗು ತಡೆಯಲಾಗಲಿಲ್ಲ. ಎಷ್ಟೋ ವಾರಗಳ ಮೇಲೆ ನಕ್ಕಿದ್ದೆ. ಆದರೂ ನನ್ನೊಳಗಿನ ಬಿ.ಎಸ್ಸಿ. ಬಿಡಲಿಲ್ಲ. "ಆದರೆ ಪಾಪಕ್ಕ, ಬಿಸಿ ಏರುತ್ತಿರುವುದು ನಿಜ. ಸುಮ್ಮನೆ ಹೇಳಿದ್ದಲ್ಲ."

"ನಾನ್ಯಾವಾಗ ಸುಳ್ಳು ಅಂದೆ? ರೇಡಿಯೋದಾಗೂ ಹೇಳಿದ್ರು. ನಾನು ಬಂದ ಹೊಸದ್ರಾಗೆ ಶಿವರಾತ್ರಿವರೆಗೂ ಬೆಳಗಿನಾಗೆ ಈ ಹುಲ್ಲು ಮಂಜಿಗೆ ಕಾಲು ತೋಯಿಸ್ತಿತ್ತು. ಈಗ ಸಂಕ್ರಾಂತಿಗೇ ಒಣಗಿರ್ತೈತೆ. ನಂಗೂ ಕಾಣ್ಸತೈತೆ." ಒಂದು ಹುಲ್ಲುಕಡ್ಡಿ ಕಿತ್ತು ಹಲ್ಲಿನ ಸಂದಿಗೆ ಹಾಕಿಕೊಂಡಳು. "ಆದ್ರೆ ಒಂದು ಮಾತು ಹೇಳ್ರಿ. ನೀವು ನಿಮ್ಮ ಹೊಲಕ್ಕೆ ಕರೀದಿದ್ರೆ ನನ್ನ ಕುರಿ ತೇಗೋದು ಬಿಡ್ತಾವಾ? ಬ್ಯಾರೆ ಕಡೆ ಹೋಗಿ ತೇಗ್ತಾವೆ. ನಿಮಗೆ ಗೊಬ್ಬರನೂ ಇಲ್ಲ, ಲೋಕಕ್ಕೆ ತಂಪೂ ಇಲ್ಲ."

ಇಷ್ಟು ಸರಳವಾದದ್ದು ನನಗೆ ಹೊಳೆದೇ ಇರಲಿಲ್ಲ. "ತಪ್ಪಾಯಿತು ಪಾಪಕ್ಕ. ನಿಮ್ಮ ಕುರಿ ತೇಗುತ್ತವೆ ಅಂತ ಹೇಳಿ ನಿಮ್ಮ ಮನಸ್ಸಿಗೆ ನೋವು ಮಾಡಿದೆ."

"ತೇಗಿಗೆ ನಂಗೇನು ಸಿಟ್ಟಿಲ್ಲ," ಎಂದಳು. ಈಗ ಅವಳ ಮುಖದಲ್ಲಿ ನಗು ಇರಲಿಲ್ಲ. "ಎಷ್ಟು ಅಂತ ಹೇಳಿದ್ರಲ್ಲ, ಅಷ್ಟು ಮಕ್ಕಳ ಮುಂದೆ, ಅದು ನೋವು. ನನ್ನ ಗಂಡಂಗೂ ಬಾಯಿಬಿಟ್ಟು ಹೇಳಿಲ್ಲ ನಾನು. ಕುರಿ ಎಷ್ಟು ಅಂತ ಯಾರೂ ಹೇಳಲ್ಲ, ಯಾರೂ ಕೇಳಲ್ಲ. ಎಣಿಸಿದ ಮಂದೆ ಇಳೀತೈತೆ ಅಂತಾರೆ. ಎಲ್ಲಿ ಸಿಕ್ತು ನಿಮಗೆ ಲೆಕ್ಕ?"

ಹೋದ ವರ್ಷ ಮಂದೆ ನಮ್ಮ ಹೊಲದ ಬೇಲಿ ಸಂದಿಯಲ್ಲಿ ಒಂದೊಂದಾಗಿ ನುಸುಳುವಾಗ, ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು ಕಲ್ಲಿನ ಮೇಲೆ ಕೂತು, ಹೊತ್ತು ಹೋಗದೆ ಎಣಿಸಿದ್ದೆ. ಅದನ್ನೇ ಹೇಳಿದೆ. ದಾವಣಗೆರೆಯ ಕಾಲೇಜಿನಲ್ಲಿ ಎಣಿಸುವುದನ್ನು ಕಲಿಸಿದ್ದರು. ಯಾವುದನ್ನು ಎಣಿಸಬಾರದು ಎಂದು ಕಲಿಸಿರಲಿಲ್ಲ. ಪಾಪಕ್ಕ ಹುಲ್ಲುಕಡ್ಡಿ ಉಗಿದಳು.

"ಬಸುರಿ ಎಣಿಸಿದ್ದು ಅಷ್ಟು ತಾಕಲ್ಲ ಬಿಡ್ರಿ," ಎಂದಳು.

"ಹಾಗಾದರೆ ಈಗಲೇ ಕರೆಯುತ್ತೇನೆ. ನಮ್ಮ ಹೊಲಕ್ಕೆ..."

"ಇಲ್ಲಿ ಬ್ಯಾಡ." ಅವಳು ಕೈ ಅಡ್ಡ ಹಿಡಿದಳು. "ಕುರಿ ಮುಂದೆ ಕರೆದ್ರೆ ಯಾರು ನಂಬ್ತಾರೆ? ಊರ ಮುಂದೆ ಮಾತಾಡಿದ್ರಿ, ಊರ ಮುಂದೆ ಕರೀರಿ. ಮನಸ್ಸಿದ್ರೆ ಮಾತ್ರ. ನಾನು ಕೇಳ್ದೆ ಅಂತ ಆಗ್ಬಾರ್ದು."

ದೊಡ್ಡೀರಪ್ಪ ಬುತ್ತಿ ತಂದ. ಮುದ್ದೆ ಹೊರಗೂ ನುಣ್ಣಗಿತ್ತು, ಒಳಗೂ ನುಣ್ಣಗಿತ್ತು.

ಸಂಜೆ ಸೋಮಶೇಖರಪ್ಪ ಮೇಷ್ಟ್ರು ಮನೆಗೆ ಬಂದರು. ಅವರಿಗೂ ಸುದ್ದಿ ಮುಟ್ಟಿ ಸಂಕಟವಾಗಿತ್ತು. "ಇದೆಲ್ಲ ದೊಡ್ಡ ದೇಶದವರ ಆಟ ಕಣಮ್ಮ. ಮನೆಗೆರಡು ಕಾರಿಟ್ಕಂಡು, ನೂರು ವರ್ಷ ಹೊಗೆ ಬಿಟ್ಟು, ಈಗ ನಮ್ಮ ಪಾಪಕ್ಕನ ಕುರಿ ತೇಗು ಎಣಿಸ್ತಾರೆ," ಎಂದು ಗುಡುಗಿದರು.

"ಅವರು ಎಣಿಸಲಿಲ್ಲ ಸರ್. ಎಣಿಸಿದ್ದು ನಾನು."

"ಆ ಮಾತು ಬೇರೆ. ಆದ್ರೆ ಅವರು ಬಿಟ್ಟ ಹೊಗೆಗೆ ನಾವ್ಯಾಕೆ ಚಿಂತೆ ಮಾಡ್ಬೇಕು?"

"ಹೊಗೆ ಅವರದಾದರೂ ಬಿಸಿಲು ನಮ್ಮ ಮಕ್ಕಳ ತಲೆಯ ಮೇಲೆ ಬೀಳುತ್ತಲ್ಲ ಸರ್."

ಅವರ ಮಾತು ನನ್ನ ಮಾತು ಎರಡೂ ನಿಜವಿರಬಹುದು ಎಂದು ನನಗೀಗಲೂ ಅನಿಸುತ್ತದೆ. ಇಬ್ಬರೂ ಕೂತು ಒಂದು ಲೆಕ್ಕ ಹಾಕಿದೆವು. ಒಂದು ಮೂಟೆ ಯೂರಿಯಾ ತಯಾರಾಗುವಾಗ ಎಷ್ಟು, ಹೊಲಕ್ಕೆ ಚೆಲ್ಲಿದ ಮೇಲೆ ಮಣ್ಣಿನಿಂದ ಎಷ್ಟು ಎಂದು ನನ್ನ ಹಳೆಯ ಪುಸ್ತಕ, ಮೇಷ್ಟ್ರ ಮಾಸಪತ್ರಿಕೆ ತಿರುವಿ ನೋಡಿದರೆ, ಪಾಪಕ್ಕನ ಮಂದೆಯ ಐದು ರಾತ್ರಿಯ ತೇಗು ಹೆಚ್ಚುಕಡಿಮೆ ಒಂದು ಮೂಟೆಗೆ ಸಮವಾಗಿ ನಿಂತಿತು. ವೀರೇಶ್ ಹೇರಿಕೊಂಡು ಹೋಗಬೇಕೆಂದಿದ್ದದ್ದು ಎರಡು ಮೂಟೆ. ಬೈಕು ಬೇರೆ. ಗಾಣದ ಡೀಸೆಲ್ ಜನರೇಟರಿನ ಲೆಕ್ಕ ಹಾಕಲು ಮೇಷ್ಟ್ರು ಪೆನ್ನೆತ್ತಿದಾಗ, ಅಲ್ಲೇ ಪೇಪರು ಓದುತ್ತಿದ್ದ ಮಾವನವರು, "ಸಾಕು ಮೇಷ್ಟ್ರೇ, ಕಾಫಿ ಆರೋಗ್ತೈತೆ," ಎಂದರು.

ನಾಲ್ಕು ಡಿಗ್ರಿ ಎಲ್ಲಿಗೂ ಹೋಗಿರಲಿಲ್ಲ. ಕ್ಯಾಲೆಂಡರಿನ ಹಿಂದೆಯೇ ಇತ್ತು. ಆದರೆ ಅದರ ಬಾಕಿಯನ್ನೆಲ್ಲ ಕಾವಲಿನ ಒಬ್ಬ ಹೆಂಗಸಿನ ಹೆಗಲಿಗೆ ಹೊರಿಸಿದ್ದು ಸರಿಯಲ್ಲ ಎಂಬುದಕ್ಕೆ ಇನ್ನು ಲೆಕ್ಕ ಬೇಕಿರಲಿಲ್ಲ. ಉಳಿದದ್ದು ಅಂಜಿಕೆಯೊಂದೇ. ನಾನು ಹೇಳುವ ಪ್ರತಿ ಮಾತನ್ನೂ ಪೆದ್ದಣ್ಣ ಊರಿಗೆ ಕೂಗುತ್ತಾನೆ. ಮೂರು ಸಲ ಚೀಟಿಯಲ್ಲಿ ಬರೆದು ಹರಿದೆ.

ಬೆಳಿಗ್ಗೆ ಏಳಕ್ಕೆ ಐದು ನಿಮಿಷವಿತ್ತು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಂಬರು ಒತ್ತಿದೆ.

"ಹಲೋ, ಪೆದ್ದಣ್ಣ ಟೀ ಅಂಗಡಿ."

"ಪೆದ್ದಣ್ಣ, ನಾನು ಚಳ್ಳಕೆರೆಯಿಂದ, ಜಂಬುಲಿಂಗಪ್ಪನವರ ಸೊಸೆ ಶಿಲ್ಪಾ."

"ಜಂಬುಲಿಂಗಪ್ಪಾರ ಸೊಸೆ ಶಿಲ್ಪಕ್ಕಾರು ಕಣ್ರಪ್ಪ," ಎಂದು ಅವನು ಅಂಗಡಿಗೆ ಹೇಳಿದ. ಗ್ಲಾಸುಗಳ ಸದ್ದು ನಿಂತದ್ದು ಇಲ್ಲಿಗೆ ಕೇಳಿಸಿತು.

"ಪಾಪಕ್ಕ ಇದ್ದಾರಾ?"

"ಹಾಲು ಹಾಕಾಕೆ ಬಂದವ್ಳೆ. ಏನ್ ಹೇಳ್ಲಿ?"

"ಮೊದಲು ಎಲ್ಲರಿಗೂ ಒಂದು ಮಾತು ಹೇಳಬೇಕು. ನಾನು ಶಾಲೆಯಲ್ಲಿ ಕುರಿ ತೇಗಿನ ವಿಷಯ ಹೇಳಿದ್ದೆನಲ್ಲ, ಅದು ಸುಳ್ಳಲ್ಲ."

"ತೇಗಿಂದು ಸುಳ್ಳಲ್ವಂತೆ."

"ಆದರೆ ಅರ್ಧ ಮಾತ್ರ ಹೇಳಿದ್ದೆ."

"ಅರ್ಧನೇ ಹೇಳಿದ್ರಂತೆ."

"ಅವು ಮಳೆ ಓಡಿಸುವುದಿಲ್ಲ. ನಮ್ಮ ಬೈಕು, ನಮ್ಮ ಜನರೇಟರು, ನಾವು ಚೆಲ್ಲುವ ಯೂರಿಯಾ, ಇವೆಲ್ಲವೂ ತೇಗುತ್ತವೆ. ಒಟ್ಟು ಸೇರಿಸಿದರೆ ಕುರಿಗಳಿಗಿಂತ ನಮ್ಮ ಮನೆಯ ತೇಗೇ ಹೆಚ್ಚು."

"ಯೂರಿಯಾನೂ ತೇಗ್ತೈತಂತೆ ಕಣ್ರಪ್ಪ. ಕುರಿಗಿಂತ ಜಂಬುಲಿಂಗಪ್ಪಾರ ಮನೆಯೋರೇ ಜಾಸ್ತಿ ತೇಗ್ತಾರಂತೆ."

"ವೀರೇಶಪ್ಪನ ಬೈಕು ತೇಗೋದು ನಮಗೇನು ಹೊಸದಾ," ಎಂದು ಹಿಂದಿನಿಂದ ಯಾರೋ ಹೇಳಿದ್ದಕ್ಕೆ ಅಂಗಡಿಯೆಲ್ಲ ನಕ್ಕಿತು. ಇತ್ತ ಬಚ್ಚಲುಮನೆಯಿಂದ ಹೊರಬಂದ ವೀರೇಶ್, ಮುಖದ ತುಂಬ ಸೋಪು ಬಳಿದುಕೊಂಡು ನನ್ನನ್ನೇ ನೋಡುತ್ತ ನಿಂತಿದ್ದರು.

"ಈಗ ಕರೆ ಹೇಳುತ್ತೇನೆ, ಸರಿಯಾಗಿ ಕೇಳು ಪೆದ್ದಣ್ಣ. ಕೊಟ್ರಮ್ಮನವರ ಮನೆಯಿಂದ ಪಾಪಕ್ಕನಿಗೆ ಮೊದಲ ಕರೆ. ತಡವಾಗಿದ್ದು ನನ್ನಿಂದ. ಬರುವ ಸೋಮವಾರದಿಂದ ಐದು ರಾತ್ರಿ ಮಂದೆ ನಮ್ಮ ಹೊಲದಲ್ಲಿ ತಂಗಬೇಕು."

ಅವನು ಅಕ್ಷರ ಬಿಡದೆ ಹೇಳಿದ. ಅಂಗಡಿಯಲ್ಲಿ ಯಾರೋ ಕುಚೋದ್ಯಕ್ಕೆ, "ಎಷ್ಟು ಕುರಿ ಅಂತ ಕೇಳೋ, ಅವ್ರಿಗೆ ಲೆಕ್ಕ ಗೊತ್ತೈತೆ," ಎಂದರು.

"ಎಷ್ಟು ಅಂತ ಕೇಳ್ತಾರೆ ಅಕ್ಕಾರೆ."

"ಎಷ್ಟಿವೆಯೋ ಅಷ್ಟು. ನನಗೆ ಎಣಿಸಲು ಬರುವುದಿಲ್ಲ."

"ಎಣಿಸಾಕೆ ಬರಲ್ವಂತೆ," ಎಂದ ಪೆದ್ದಣ್ಣ. ಈ ಸಲ ಯಾರೂ ನಗಲಿಲ್ಲ. ರಿಸೀವರು ಕೈ ಬದಲಾಯಿಸಿತು.

"ಸೋಮವಾರ ಬ್ಯಾಡ, ಮಂಗಳವಾರ ಬರ್ತೀನಿ," ಎಂದಳು ಪಾಪಕ್ಕ. ಅವಳ ಹಿಂದೆ ಯಾರೋ, "ಅವರದಾದ ಮೇಲೆ ನಮ್ಮ ಹೊಲಕ್ಕೆ ಬಾರವ್ವ," ಎನ್ನುತ್ತಿದ್ದದ್ದು, ಇನ್ನೊಬ್ಬರು ತಮ್ಮದು ಮೊದಲು ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು. "ಶಿಲ್ಪವ್ವ, ಆ ನಾಲ್ಕು ಡಿಗ್ರಿ ಅಂದ್ರಲ್ಲ, ಅದು ಕಮ್ಮಿ ಆಗ್ತೈತಾ?"

"ಗೊತ್ತಿಲ್ಲ ಪಾಪಕ್ಕ."

"ಮಗೀಗೆ ಕಂಬಳಿ ನೇಯ್ಸಿ ಇಟ್ಟೀನಿ. ಸೆಕೆ ಅಂತೀರಿ. ತರ್ಲಾ, ಬ್ಯಾಡ್ವಾ?"

ಗಂಗಾಂಬಿಕಾ ಫೋನಿನ ಸುರುಳಿ ವೈರನ್ನು ಬಾಯಿಗೆ ಹಾಕಿಕೊಂಡಿದ್ದಳು. ಬಿಡಿಸಿದೆ. "ತನ್ನಿ," ಎಂದೆ.

"ಕಂಬಳಿನೂ ಬೇಕಂತೆ ಕಣ್ರಪ್ಪ," ಎಂದು ಅಂಗಡಿಗೆ ಕೂಗಿ ಹೇಳಿದವಳು ಈ ಸಲ ಪಾಪಕ್ಕನೇ.